ಐದು ಚೀಲಕ್ಕೆ ಒಂದು ಚೀಲ

ನಮ್ಮ ಮನೆಗೆ ಹಣ ಬರುವುದು ವರ್ಷಕ್ಕೆ ಒಂದೇ ಸಲ. ಕೊಡಗಿನ ಸುಂಟಿಕೊಪ್ಪದಿಂದ ಆಚೆ ಐದು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಜನವರಿಯಲ್ಲಿ ಕೊಯ್ಲು ಶುರುವಾದರೆ, ಹಣ್ಣು ಕಣದಲ್ಲಿ ಒಣಗಿ ಚೀಲ ಸೇರುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಮುಂದಿನ ಮಾರ್ಚ್‌ವರೆಗಿನ ಗೊಬ್ಬರ, ಕೂಲಿ, ಸ್ಪ್ರಿಂಕ್ಲರಿನ ಡೀಸೆಲ್, ನೆಂಟರ ಮದುವೆ, ಆಸ್ಪತ್ರೆ ಎಲ್ಲವೂ ಅದರಲ್ಲೇ ನಡೆಯಬೇಕು. ತಿಂಗಳಿಗೆ ಇಷ್ಟು ಉಳಿಸಿ ಎಂದು ಸಂಬಳದವರಿಗೆ ಹೇಳುವ ಬುದ್ಧಿಮಾತು ನನಗೆ ಯಾವತ್ತೂ ಹೊಂದಿಬರಲಿಲ್ಲ.

ಮುಪ್ಪಿನ ಮಾತೆತ್ತಿದರೆ ನಮ್ಮವರದು ಒಂದೇ ಉತ್ತರ: "ತೋಟ ಇರುವಾಗ ಪೆನ್ಷನ್ ಯಾಕೆ? ಅಪ್ಪನಿಗೆ ಯಾರು ಕೊಟ್ಟಿದ್ದರು?" ನಾನೂ ಅದನ್ನೇ ನಂಬಿದ್ದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ಊರೂರೇ ಕಳೆದುಕೊಂಡವರ ಮುಂದೆ ನಮ್ಮದೇನೂ ದೊಡ್ಡ ನಷ್ಟವಲ್ಲ. ತೋಡಿನ ಮಗ್ಗುಲಿನ ಅರ್ಧ ಎಕರೆ, ಸಿಲ್ವರ್ ಓಕ್ ಮರಗಳೂ ಮೆಣಸಿನ ಬಳ್ಳಿಗಳೂ ನಿಂತ ಹಾಗೆಯೇ ಕೆಳಗಿಳಿದು ಹೋದವು. ನಿಲ್ಲದ ಮಳೆಗೆ ಕಾಯಿ ಉದುರಿತು, ಉಳಿದ ಬಳ್ಳಿಗಳಿಗೆ ಸೊರಗು ರೋಗ ಬಂತು. ಎಂಬತ್ತು ಚೀಲ ಆಗುತ್ತಿದ್ದ ಕಡೆ ಆ ಸಲ ಆದದ್ದು ನಲವತ್ತೈದು. ಕಷ್ಟ ಬಂದರೆ ಜಾಗ ಮಾರಿದರಾಯಿತು ಎನ್ನುವ ಮಾತೂ ಆಗಲೇ ಹುಸಿಯಾಯಿತು. ನಮ್ಮದು ಜಮ್ಮಾ ಜಾಗ, ಎಂದರೆ ಇಡೀ ಕುಲಕ್ಕೆ ತಲೆಮಾರುಗಳಿಂದ ಬಂದದ್ದು. ದಾಖಲೆಯಲ್ಲಿ ಒಕ್ಕದ, ಅಂದರೆ ನಮ್ಮ ಕುಲದ, ಎಷ್ಟೋ ಜನರ ಹೆಸರಿದೆ. ಅವರೆಲ್ಲರ ಸಹಿ ಸೇರಿಸುವುದರೊಳಗೆ ನನಗೆ ಎಂಬತ್ತಾಗುತ್ತದೆ.

ಆ ಕೊಯ್ಲಿನ ಕಾಫಿ ಮಾರುವ ದಿನ ಲೆಕ್ಕದ ಪುಸ್ತಕವನ್ನು ನಾನೇ ಹಿಡಿದುಕೊಂಡು ಹೋದೆ. ವ್ಯಾಪಾರಿಯ ಕಡೆಯ ಹುಡುಗ ಪ್ರತಿ ಚೀಲದಿಂದಲೂ ಒಂದು ಹಿಡಿ ತೆಗೆದು ಸೇರಿಸಿದ, ತೇವಾಂಶ ನೋಡಿದ, ಸಿಪ್ಪೆ ಬಿಡಿಸಿ ಬೀಜ ಎಷ್ಟು ಸಿಗುತ್ತದೆ ಎಂದು ಔಟ್‌ಟರ್ನ್ ತೂಗಿದ. ಐವತ್ತು ಕಿಲೋ ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸು ಬೆಲೆ ಕೂತಿತು. ಚೀಟಿಯ ಹಿಂಬದಿಯಲ್ಲಿ ನಾನು ಒಂಬತ್ತು ಗೀಟು ಎಳೆದೆ. ಐದು ಚೀಲಕ್ಕೆ ಒಂದು ಚೀಲ ನಮ್ಮ ಮುಪ್ಪಿಗೆ. ಶೇಕಡಾ ಇಪ್ಪತ್ತು ಎಂದಿದ್ದರೆ ಇವರು, ನನ್ನ ಗಂಡ, ಚೌಕಾಸಿಗೆ ಇಳಿಯುತ್ತಿದ್ದರು. ಚೀಲದ ಲೆಕ್ಕಕ್ಕೆ ಒಪ್ಪಿದರು. ಬೆಲೆ ಬಿದ್ದ ವರ್ಷ ಉಳಿತಾಯ ತಾನಾಗಿಯೇ ತಗ್ಗುತ್ತದೆ, ಏರಿದ ವರ್ಷ ತಾನಾಗಿಯೇ ಏರುತ್ತದೆ. ಆ ಮೂವತ್ತು ಸಾವಿರ ಚಿಲ್ಲರೆಯಲ್ಲಿ, 2019ರ ಮಾರ್ಚ್‌ನಲ್ಲಿ, ನನ್ನ ನಲವತ್ತೈದನೆಯ ವಯಸ್ಸಿಗೆ ಪಿಪಿಎಫ್ ಎನ್ನುವ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ತೆರೆದೆ. ಹದಿನೈದು ವರ್ಷದ ಗಡುವು ಮುಗಿಯುವಾಗ ನನಗೆ ಅರವತ್ತು.

ಪಿಪಿಎಫ್ ನಮ್ಮಂಥವರಿಗೆಂದೇ ಮಾಡಿದಂತಿದೆ ಎಂದು ನನಗೆ ಅನ್ನಿಸುವುದು ಅದರ ದಿನಾಂಕಗಳಿಂದ. ತಿಂಗಳ ಐದನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿರುವ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ. ಹಾಗಾಗಿ ಏಪ್ರಿಲ್ 5ರ ಒಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ಸಿಗುತ್ತದೆ, ಕಾಫಿ ಹಣ ಕೈಯಲ್ಲಿರುವುದೂ ಆಗಲೇ. ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದ್ದರೂ ಆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಬೆಲೆ ಚೆನ್ನಾಗಿದ್ದಾಗ ಒಂದೇ ಕೊಯ್ಲಿನ ಹಣದಲ್ಲಿ ಮಾರ್ಚ್ ಕೊನೆಯೊಳಗೆ ಒಂದು ಪಾಲು, ಏಪ್ರಿಲ್ ಮೊದಲಲ್ಲಿ ಇನ್ನೊಂದು ಪಾಲು ಕಟ್ಟಬಹುದು. ಖಾತೆ ತೆರೆದಾಗ ಶೇ. 8 ಇದ್ದ ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1ಕ್ಕೆ ಇಳಿದಿದೆ. ಬೇಸರವೇ. ಆದರೆ ಗುಡ್ಡ ಜಾರಿದರೆ ಅದರ ಜೊತೆ ಜಾರದ ಹಣ ಅದು.

ಎಡವಿದ್ದನ್ನೂ ಹೇಳಬೇಕು. ನೆಂಟರೊಬ್ಬರ ಮಾತಿಗೆ ಕಟ್ಟುಬಿದ್ದು ವರ್ಷಕ್ಕೆ 24,000ದಂತೆ ಒಂದು ವಿಮೆ ಕಟ್ಟುತ್ತಿದ್ದೆವು. ವಿಮೆಯೂ ಆಯಿತು ಉಳಿತಾಯವೂ ಆಯಿತು ಎಂದು ಮಾರುವ ಬಗೆಯದು; ಎರಡೂ ಅರೆಬರೆ. ಐದು ವರ್ಷ 1,20,000 ಕಟ್ಟಿದ ಮೇಲೆ ಬಿಟ್ಟುಕೊಟ್ಟಾಗ ಕೈಗೆ ಬಂದದ್ದು ಅರವತ್ತು ಸಾವಿರದ ಹತ್ತಿರ. ಆ ಸಿಟ್ಟಿನಲ್ಲಿ ಅಷ್ಟನ್ನೂ 2020ರ ಫೆಬ್ರವರಿಯಲ್ಲಿ ಒಂದೇ ಗಂಟಿಗೆ ನಿಫ್ಟಿ ಇಂಡೆಕ್ಸ್ ಫಂಡಿಗೆ, ಅಂದರೆ ದೇಶದ ಐವತ್ತು ದೊಡ್ಡ ಕಂಪನಿಗಳ ಷೇರುಗಳಲ್ಲಿ ಹೂಡುವ ಫಂಡಿಗೆ, ಹಾಕಿದೆ. ಕೊರೋನಾಕ್ಕೆ ಷೇರುಪೇಟೆ ಕುಸಿದು, ಮಾರ್ಚ್ 23ರಂದು ಅದು ಮೂವತ್ತೆಂಟು ಸಾವಿರ ಚಿಲ್ಲರೆಗೆ ಬಂದು ನಿಂತಿತ್ತು. ಇವರಿಗೆ ಹೇಳಲಿಲ್ಲ. ಮಾರಲೂ ಇಲ್ಲ. ಧೈರ್ಯದಿಂದಲ್ಲ, ವರ್ಷದ ಖರ್ಚಿನ ಹಣ ಬೇರೆಯಾಗಿ ಬ್ಯಾಂಕಿನಲ್ಲಿದ್ದುದರಿಂದ ಮಾರುವ ಜರೂರು ಬೀಳಲಿಲ್ಲ, ಅಷ್ಟೇ. ಹುತ್ತರಿ ಹಬ್ಬಕ್ಕೆ ಕದಿರು ತೆಗೆಯುವ ಹೊತ್ತಿಗೆ ಹಾಕಿದ್ದಷ್ಟೂ ಮರಳಿತ್ತು. ಆಗ ಇವರಿಗೆ ಹೇಳಿದೆ.

ಅಂದಿನಿಂದ ಒಂದೇ ಗಂಟಿಗೆ ಹಾಕುವುದನ್ನು ಬಿಟ್ಟಿದ್ದೇನೆ. ಮೀಸಲು ಚೀಲಗಳಲ್ಲಿ ಹೆಚ್ಚಿನ ಪಾಲು ಪಿಪಿಎಫ್‌ಗೆ. ಉಳಿದದ್ದು ಏರಿಳಿತ ಕಡಿಮೆಯಿರುವ ಲಿಕ್ವಿಡ್ ಫಂಡಿಗೆ ಹೋಗಿ, ಅಲ್ಲಿಂದ ತಿಂಗಳು ತಿಂಗಳು ಸ್ವಲ್ಪಸ್ವಲ್ಪವೇ ಇಂಡೆಕ್ಸ್ ಫಂಡಿಗೆ ಇಳಿಯುತ್ತದೆ. ಎಸ್‌ಟಿಪಿ ಎನ್ನುತ್ತಾರೆ. ವರ್ಷಕ್ಕೊಮ್ಮೆ ಬರುವ ಹಣವನ್ನು ನಾನೇ ನನಗೆ ತಿಂಗಳ ಸಂಬಳ ಮಾಡಿಕೊಂಡ ಹಾಗೆ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲ್ಯಾನ್ ಆರಿಸಿಕೊಂಡೆ. ನೆಂಟರ ಪಾಠ ಒಂದು ಸಲಕ್ಕೆ ಸಾಕಾಗಿತ್ತು.

2024ರಲ್ಲಿ ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಊರೆಲ್ಲ ಹೊಸ ಜೀಪು. ಇನ್ನೂ ಏರುತ್ತದೆ ಎಂದು ಗೋದಾಮಿನಲ್ಲೇ ಇಟ್ಟುಕೊಂಡವರೂ ಇದ್ದರು. ಮೆಣಸು ಕಿಲೋಗೆ ಏಳುನೂರು ಇದ್ದಾಗ ಕಾದು, ಮುನ್ನೂರೈವತ್ತಕ್ಕೆ ಮಾರಿದ ಮನೆ ನಮ್ಮದು, ಕಾಯಲಿಲ್ಲ. ಮೊದಲು ಬೆಳೆ ಸಾಲ ತೀರಿಸಿದೆವು, ಹದಿನಾರು ಗೀಟು ಎಳೆದೆ. ಅದೇ ಹುರುಪಿನಲ್ಲಿ, ನಮ್ಮ ತೋಟಕ್ಕೆ ಬರುವ ಮೂವತ್ತರ ಹೆಣ್ಣುಮಗಳೊಬ್ಬಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಅಟಲ್ ಪಿಂಚಣಿ ಮಾಡಿಸಿದೆ. ತಿಂಗಳಿಗೆ 577 ರೂಪಾಯಿ ಕಟ್ಟಿದರೆ ಅರವತ್ತರ ನಂತರ ತಿಂಗಳಿಗೆ 5,000. ನಮಗಿಂತ ಹದಿನೈದು ವರ್ಷ ಮೊದಲೇ ಶುರು ಮಾಡಿದಳಲ್ಲ ಎಂದು ಅವಳ ಮೇಲೆ ಸಣ್ಣ ಅಸೂಯೆ.

ಇವರಿಗೆ 2025ರಲ್ಲಿ ಅರವತ್ತು ತುಂಬಿತು. ಎರಡು ಒಳ್ಳೆಯ ಕೊಯ್ಲುಗಳಲ್ಲಿ ಉಳಿದಿದ್ದ ಐದು ಲಕ್ಷವನ್ನು ಇವರ ಹೆಸರಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿಸಿದೆ. ಶೇ. 8.2ರ ಬಡ್ಡಿ, ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ 10,250 ರೂಪಾಯಿ. "ಇಷ್ಟು ಹಣ ಇದ್ದರೆ ಇನ್ನೊಂದು ಎಕರೆ ಕೊಳ್ಳಬಹುದಿತ್ತು" ಎಂದು ಸಹಿ ಹಾಕುವಾಗಲೂ ಗೊಣಗಿದರು.

ನಮ್ಮಲ್ಲಿ ಜುಲೈ ಎಂದರೆ ಹಗಲಲ್ಲೂ ದೀಪ ಹಚ್ಚುವ ಮಳೆ. ತೋಟದಿಂದ ಒಂದು ಬಿಡಿಗಾಸು ಬರುವುದಿಲ್ಲ, ಕಂಬಳಿ ಒಣಗುವುದಿಲ್ಲ, ಕರೆಂಟಿರುವುದಿಲ್ಲ. ಬಡ್ಡಿಯ ಒಂದು ಕಂತು ಬೀಳುವುದು ಸರಿಯಾಗಿ ಜುಲೈ 1ಕ್ಕೆ. ಅವತ್ತು ಬೆಳಿಗ್ಗೆ ಇವರು ಮೊಬೈಲ್ ಹಿಡಿದು ಸಿಗ್ನಲ್ ಸಿಗುವ ಕೊಟ್ಟಿಗೆಯ ಮೂಲೆಯಲ್ಲಿ ಕೊಡೆ ಬಿಡಿಸಿಕೊಂಡು ನಿಂತಿದ್ದರು. ಏನು ನೋಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ಮಳೆ ಎಷ್ಟು ಇಂಚು ಆಯಿತೆಂದು ನೋಡುತ್ತಿದ್ದೇನೆ ಎಂದರು. ಮಳೆಮಾಪಕ ಇರುವುದು ಅಂಗಳದಲ್ಲಿ.