ಮಗಳಿಗೆ ಅಪರೂಪದ ಹೆಸರು ಹುಡುಕುವುದು ಹೀಗೆ
ಹೆಸರಿನ ಆಪ್‌ಗಳನ್ನು ಪಕ್ಕಕ್ಕಿಡಿ. ಎಲ್ಲರೂ ನೋಡುವುದು ಅದೇ ಪಟ್ಟಿಯನ್ನೇ ಅಲ್ವಾ? ನಾನು ನಮ್ಮ ನದಿಗಳಿಂದ ಶುರು ಮಾಡಿದೆ. ಕಾವೇರಿ, ತುಂಗಾ ಮನೆಮನೆಯಲ್ಲೂ ಇದ್ದಾರೆ. ಶಾಂಭವಿ, ಶಿಂಷಾ, ಅಘನಾಶಿನಿ ಹಾಗಲ್ಲ. ಹಾಸನದ ಕಡೆಯವರಿಗೆ ಯಗಚಿ ಇದ್ದಾಳೆ. ಆಮೇಲೆ ಇತಿಹಾಸ: ಹೊಯ್ಸಳರ ಶಾಂತಲೆ, ಉಳ್ಳಾಲದ ಅಬ್ಬಕ್ಕ. ಅಬ್ಬಕ್ಕ ತೀರಾ ಹಳೇದು ಅಂತಾರೆ. ಪೋರ್ಚುಗೀಸರ ಎದುರು ನಿಂತವಳ ಹೆಸರು ನನಗಂತೂ ತುಂಬಾ ಇಷ್ಟ.

ಇಷ್ಟವಾದ ಹೆಸರನ್ನು ಹಿತ್ತಲಿನಿಂದ ಜೋರಾಗಿ ಕೂಗಿ ನೋಡಿ. ಅಜ್ಜಿಯ ನಾಲಿಗೆಗೂ ಹೊರಳಬೇಕು. ಇಂಗ್ಲಿಷಿನಲ್ಲೂ ಬರೆದು ನೋಡಿ, ‘ಇಳಾ’ ಅಲ್ಲಿ ‘ಇಲಾ’ ಆಗಿಬಿಡುತ್ತಾಳೆ.

ಆತುರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಿ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತಡವಾದರೆ ಶುಲ್ಕ ಕಟ್ಟಬೇಕು, ಸುಮ್ನೆ ಓಡಾಟವೂ ಜಾಸ್ತಿ.