ಅರ್ಧ ಟ್ಯಾಂಕಿನ ಲೆಕ್ಕ

ಆನ್‌ಲೈನ್ ಯುದ್ಧವಿಮಾನ ಸಿಮ್ಯುಲೇಟರಿನಲ್ಲಿ ಮೊದಲ ಕೆಲವು ತಿಂಗಳು ನಾನು ಪ್ರತಿ ಬಾರಿಯೂ ಟ್ಯಾಂಕ್ ಪೂರ್ತಿ ತುಂಬಿಸಿಕೊಂಡೇ ಹಾರುತ್ತಿದ್ದೆ. ಹ್ಯಾಂಗರಿನ ಪರದೆಯಲ್ಲಿ ಇಂಧನವನ್ನು ಶೇಕಡಾ 25, 50, 75, 100 ಎಂದು ನಾಲ್ಕು ಹಂತಗಳಲ್ಲಿ ಆರಿಸಿಕೊಳ್ಳಬಹುದಿತ್ತು. ಮೊದಲಿಗೇ 100 ಗುರುತಾಗಿರುತ್ತಿದ್ದುದರಿಂದ ಅದನ್ನು ಮುಟ್ಟುವ ಯೋಚನೆಯೇ ನನಗೆ ಬಂದಿರಲಿಲ್ಲ. ನನ್ನಷ್ಟೇ ಅಭ್ಯಾಸವಿದ್ದವರು ನನ್ನದೇ ಮಾದರಿಯ, ಎರಡನೇ ಮಹಾಯುದ್ಧದ ಅಮೆರಿಕನ್ ಪಿ-51ಡಿ ವಿಮಾನದಲ್ಲಿ ನನಗಿಂತ ಬಿಗಿಯಾಗಿ ತಿರುಗಿ ನನ್ನ ಬೆನ್ನಿಗೆ ಬೀಳುತ್ತಿದ್ದಾಗ, ನನ್ನ ಕೈಚಳಕವೇ ಸಾಲದೆಂದು ಬಹುಕಾಲ ನಂಬಿದ್ದೆ.

ಒಂದು ದಿನ ಕಾಗದ ಹಿಡಿದು ಕುಳಿತಾಗ ವಿಷಯ ಬೇರೆಯಾಗಿ ಕಂಡಿತು. ಪಿ-51ಡಿ ವಿಮಾನದ ಎರಡೂ ರೆಕ್ಕೆಗಳಲ್ಲಿ ತಲಾ 92 ಅಮೆರಿಕನ್ ಗ್ಯಾಲನ್, ಪೈಲಟ್ ಆಸನದ ಹಿಂದಿನ ಟ್ಯಾಂಕಿನಲ್ಲಿ 85 ಗ್ಯಾಲನ್, ಒಟ್ಟು 269 ಗ್ಯಾಲನ್ ಇಂಧನ ಹಿಡಿಯುತ್ತದೆ. ಗ್ಯಾಲನ್ನಿಗೆ ಸುಮಾರು 2.7 ಕಿಲೋ ಎಂದರೆ ಅದು 730 ಕಿಲೋ ಸಮೀಪದ ಭಾರ. ಪೂರ್ತಿ ತುಂಬಿದ ವಿಮಾನ ಸುಮಾರು 4,600 ಕಿಲೋ ತೂಗುವುದರಿಂದ, ಅರ್ಧ ಇಂಧನ ಬಿಟ್ಟು ಹೊರಟರೆ ಶೇಕಡಾ 8ರಷ್ಟು ತೂಕ ಇಳಿಯುತ್ತದೆ. ತಿರುವಿನ ಕನಿಷ್ಠ ತ್ರಿಜ್ಯ ತೂಕದ ಅನುಪಾತದಲ್ಲೇ ಕುಗ್ಗುವುದರಿಂದ ಅದೂ ಅಷ್ಟೇ ಕಡಿಮೆಯಾಗುತ್ತದೆ. ಏರುವ ವೇಗದಲ್ಲಿ ಸಿಗುವ ಲಾಭ ಇನ್ನೂ ಹೆಚ್ಚು.

ಭಾರ ಎಷ್ಟು ಎಂಬುದಕ್ಕಿಂತ ಎಲ್ಲಿ ಕುಳಿತಿದೆ ಎಂಬುದು ನನ್ನನ್ನು ಹೆಚ್ಚು ಕಾಡಿತು. ಹಿಂದಿನ ಟ್ಯಾಂಕ್ ತುಂಬಿದ್ದಾಗ ವಿಮಾನದ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಆಗ ನಿಯಂತ್ರಣ ಕಡ್ಡಿಯನ್ನು ತುಸು ಎಳೆದರೂ ಮೂತಿ ನಾವು ಕೇಳಿದ್ದಕ್ಕಿಂತ ಹೆಚ್ಚು ಮೇಲೇಳುತ್ತದೆ, ಬಿಗಿ ತಿರುವಿನಲ್ಲಿ ವಿಮಾನ ಸ್ಟಾಲ್ ಆಗಿ, ಎಂದರೆ ರೆಕ್ಕೆಗಳ ಎತ್ತುವ ಬಲ ಕುಸಿದು, ಗಿರಗಿರನೆ ಸುತ್ತತೊಡಗುತ್ತದೆ. ಯುದ್ಧಕಾಲದ ಪೈಲಟ್‌ಗಳು ಹೊರಗೆ ತೂಗುಹಾಕಿದ, ಬೇಡವಾದಾಗ ಬೀಳಿಸಬಹುದಾದ ಡ್ರಾಪ್ ಟ್ಯಾಂಕಿಗೆ ಕೈ ಹಾಕುವ ಮೊದಲೇ ಈ ಹಿಂದಿನ ಟ್ಯಾಂಕಿನ ಬಹುಪಾಲನ್ನು ಸುಟ್ಟು ಮುಗಿಸುತ್ತಿದ್ದುದು ಇದೇ ಕಾರಣಕ್ಕೆ. ಆಯ್ದ ಇಂಧನ ಯಾವ ಟ್ಯಾಂಕಿಗೆ ಎಷ್ಟು ಹೋಗುತ್ತದೆ ಎಂಬುದು ಒಂದೊಂದು ಸಿಮ್ಯುಲೇಟರಿನಲ್ಲಿ ಒಂದೊಂದು ಬಗೆ. ಆದ್ದರಿಂದ ರನ್‌ವೇ ಮೇಲೆ ನಿಂತಿರುವಾಗಲೇ ಮೂರೂ ಮಾಪಕಗಳನ್ನು ನೋಡಿ, ಹಿಂದಿನದರಲ್ಲಿ ಏನಾದರೂ ಇದ್ದರೆ ಏರುವಾಗಲೇ ಅದನ್ನು ಖಾಲಿ ಮಾಡುವುದು ನನ್ನ ಅಭ್ಯಾಸವಾಯಿತು.

ಹೊಸದಾಗಿ ಕಲಿತವರು ಮಾಡುವಂತೆ ನಾನೂ ಮರುದಿನವೇ ಇನ್ನೊಂದು ತುದಿಗೆ ಹಾರಿ, ಶೇಕಡಾ 25ರಷ್ಟು ಇಂಧನ ಹಾಕಿಕೊಂಡು ಹೊರಟೆ. ವಿಮಾನ ಗಾಳಿಪಟದಷ್ಟು ಹಗುರವೆನಿಸಿತು. ಒಬ್ಬನನ್ನು ಕೆಡವಿ ಇನ್ನೊಬ್ಬನ ಬಾಲ ಹಿಡಿದಿದ್ದಾಗ ಎಂಜಿನ್ ಕೆಮ್ಮಿ ನಿಂತೇಹೋಯಿತು. ಪ್ರೊಪೆಲರಿನ ಆರ್‌ಪಿಎಂ (ನಿಮಿಷದ ಸುತ್ತುಗಳು) ಹೊಂದಿಸುವ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆಳೆದು, ಅದರ ಗಾಳಿತಡೆಯನ್ನು ಕಡಿಮೆ ಮಾಡಿ ತೇಲಿದರೂ ನೆಲೆಗೆ ನಾಲ್ಕು ಮೈಲಿ ಇರುವಾಗಲೇ ನೆಲ ಬಂದಿತು. ಆಮೇಲೆ ಲೆಕ್ಕ ಹಾಕಿದರೆ, ಕಾಳಗದ ಜಾಗ ಮುಟ್ಟುವ ಹೊತ್ತಿಗೆ ನನ್ನ ಬಳಿ ಇದ್ದದ್ದು 22 ಗ್ಯಾಲನ್, ಎಂದರೆ ಪೂರ್ಣ ಶಕ್ತಿಯಲ್ಲಿ ನಾಲ್ಕು ನಿಮಿಷಕ್ಕೂ ಕಡಿಮೆ.

ಆ ಲೆಕ್ಕ ಹಾಕಲು ನನಗೆ ಬೇಕಾದದ್ದು ನಾನೇ ಅಳೆದ ಅಂಕಿಗಳು. ನಾನು ಆಡುವ ಸರ್ವರಿನಲ್ಲಿ ಇಂಧನ ವಾಸ್ತವಕ್ಕಿಂತ ಎರಡು ಪಟ್ಟು ವೇಗವಾಗಿ ಸುಡುವಂತೆ ಹೊಂದಿಸಿದ್ದಾರೆ. ನಕ್ಷೆಯ ದೂರಗಳೂ ನಿಜವಾದ ಯುದ್ಧದವುಗಳಿಗಿಂತ ಕಡಿಮೆಯಾದ್ದರಿಂದ ಇದರಲ್ಲಿ ಅನ್ಯಾಯವೇನಿಲ್ಲ, ಆದರೆ ಈ ಗುಣಕವನ್ನು ತಿಳಿಯದೆ ಯಾವ ಕೈಪಿಡಿಯ ಅಂಕಿಯನ್ನು ನಂಬಿದರೂ ಕೆಡುತ್ತೇವೆ. ಎದುರಾಳಿಗಳಿಲ್ಲದ ಮೂಲೆಯಲ್ಲಿ ಗಡಿಯಾರ ಇಟ್ಟುಕೊಂಡು ಹಾರಿ ನೋಡಿದೆ. ಮ್ಯಾನಿಫೋಲ್ಡ್ ಒತ್ತಡ, ಎಂದರೆ ಎಂಜಿನ್ನಿಗೆ ನುಗ್ಗುವ ಗಾಳಿಯ ಒತ್ತಡ, ಪಾದರಸದ 61 ಇಂಚು, 3,000 ಆರ್‌ಪಿಎಂ ಇರುವ ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ ಸುಮಾರು 6 ಗ್ಯಾಲನ್, 46 ಇಂಚು ಮತ್ತು 2,700 ಆರ್‌ಪಿಎಂನಲ್ಲಿ ಏರುವಾಗ 3.3, ಥ್ರಾಟಲ್ ಮತ್ತು ಆರ್‌ಪಿಎಂ ಎರಡನ್ನೂ ಇಳಿಸಿ ನಿರಾಳವಾಗಿ ಸಾಗುವಾಗ 2 ಗ್ಯಾಲನ್ ಖರ್ಚಾಯಿತು. ಥ್ರಾಟಲ್ ಒಂದನ್ನೇ ಇಳಿಸಿ ಆರ್‌ಪಿಎಂ ಹಿಡಿಕೆಯನ್ನು ಮರೆಯುವವರು ಅನೇಕರು. ಉಳಿತಾಯದ ದೊಡ್ಡ ಪಾಲು ಇರುವುದು ಅಲ್ಲಿಯೇ.

ಈಗ ನಾನು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ. ಮರಳಲು 12 ನಿಮಿಷಕ್ಕೆ 24 ಗ್ಯಾಲನ್, ರನ್‌ವೇ ಮೇಲೆ ಶತ್ರು ಕಾದಿದ್ದರೆ ಎಂದು ಮೀಸಲು 15, ಆರು ನಿಮಿಷದ ಕಾಳಗಕ್ಕೆ 36. ಅಲ್ಲಿಗೆ ಕಾಳಗದ ಬಾಗಿಲಲ್ಲಿ ನನ್ನ ಬಳಿ ಇರಬೇಕಾದದ್ದು 75. ಅಲ್ಲಿಯವರೆಗೆ ಏರಲು 27, ಸಾಗಲು 18. ಒಟ್ಟು 120 ಗ್ಯಾಲನ್ ಆಗುವುದರಿಂದ, 134 ಗ್ಯಾಲನ್ ಕೊಡುವ ಶೇಕಡಾ 50ರ ಹಂತ ಈ ದೂರಕ್ಕೆ ಸರಿಹೋಗುತ್ತದೆ.

ಡ್ರಾಪ್ ಟ್ಯಾಂಕುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಒಳಗೆ ಶೇಕಡಾ 25, ಹೊರಗೆ 75 ಗ್ಯಾಲನ್ನಿನ ಎರಡು ಟ್ಯಾಂಕು ಎಂಬುದು ಜನಪ್ರಿಯ ಜೋಡಿ. ಆದರೆ ಟ್ಯಾಂಕುಗಳನ್ನು ಬೀಳಿಸಿದ ಮೇಲೆ ಒಳಗೆ ಉಳಿಯುವುದು 67 ಗ್ಯಾಲನ್ ಮಾತ್ರ. ಕಾಳಗಕ್ಕೂ ಮರಳುವುದಕ್ಕೂ 60 ತೆಗೆದರೆ ಮೀಸಲಿಗೆ 7 ಉಳಿಯುತ್ತದೆ. ಹತ್ತಿರದ ಗುರಿಗೆ 400 ಕಿಲೋ ಹೆಚ್ಚುವರಿ ಭಾರವನ್ನೂ ಅದರ ಗಾಳಿತಡೆಯನ್ನೂ ಹೊತ್ತು ನಿಧಾನವಾಗಿ ಏರಿ, ಇಷ್ಟು ಇಕ್ಕಟ್ಟಿಗೆ ಸಿಲುಕುವುದು ನನಗೆ ಒಪ್ಪಿಗೆಯಿಲ್ಲ. ಬಾಂಬರುಗಳಿಗೆ ಕಾವಲಾಗಿ ಎಷ್ಟು ಹೊತ್ತು ಸುತ್ತಬೇಕೋ ತಿಳಿಯದಿರುವಾಗ ಮಾತ್ರ ನಾನು ಅವನ್ನು ಕಟ್ಟಿಸಿಕೊಳ್ಳುತ್ತೇನೆ, ಅದೂ ಒಳಗೆ ಶೇಕಡಾ 50 ಇಟ್ಟುಕೊಂಡು: ಶತ್ರು ಹತ್ತನೇ ನಿಮಿಷಕ್ಕೆ ಬಂದರೂ ಮೂವತ್ತನೇ ನಿಮಿಷಕ್ಕೆ ಬಂದರೂ, ಟ್ಯಾಂಕು ಬೀಳಿಸಿದ ಕ್ಷಣ ನನ್ನ ವಿಮಾನದ ತೂಕ ನನಗೆ ಮೊದಲೇ ತಿಳಿದಿರುತ್ತದೆ.

ಅದೇ ಕಾಲದ ಜರ್ಮನಿಯ ಬಿಎಫ್ 109 ಅಥವಾ ಬ್ರಿಟನ್ನಿನ ಸ್ಪಿಟ್‌ಫೈರ್ 9ರಲ್ಲಿ ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಒಂದರಲ್ಲಿ 400 ಲೀಟರ್, ಇನ್ನೊಂದರಲ್ಲಿ ಸುಮಾರು 386 ಲೀಟರ್ ಇರುವುದೇ ಅಷ್ಟು. ಅರ್ಧ ಬಿಟ್ಟು ಹೊರಟರೆ 140 ಕಿಲೋ ಭಾರ ಇಳಿಯುತ್ತದೆ, ಆದರೆ ಕಾಳಗ ಅರ್ಧಕ್ಕೇ ನಿಲ್ಲುತ್ತದೆ. ಮೇಲಾಗಿ 109ರ ಒಳಗಿನ ಇಂಧನವೆಲ್ಲ ಒಂದೇ ಟ್ಯಾಂಕಿನಲ್ಲಿರುವುದರಿಂದ ಅದಕ್ಕೆ ಗುಂಡು ತಾಗಿ ಸೋರತೊಡಗಿದರೆ ಮನೆಯ ದಾರಿ ಹಿಡಿಯುವುದಷ್ಟೇ ಉಳಿದ ಕೆಲಸ. ಪಿ-51ರಲ್ಲಾದರೆ ಸೋರುವ ರೆಕ್ಕೆಯ ಟ್ಯಾಂಕನ್ನೇ ಮೊದಲು ಎಂಜಿನ್ನಿಗೆ ಜೋಡಿಸಿ, ಹೇಗೂ ಹೋಗುವ ಇಂಧನವನ್ನು ಬಳಸಿಕೊಳ್ಳಬಹುದು.

ಇಷ್ಟೆಲ್ಲ ಲೆಕ್ಕವಿದ್ದರೂ ಕಾಳಗದ ನಡುವೆ ಮಾಪಕ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಪಿ-51ರ ರೆಕ್ಕೆಯ ಟ್ಯಾಂಕುಗಳ ಮಾಪಕಗಳು ಆಸನದ ಎರಡೂ ಬದಿಯ ನೆಲದಲ್ಲಿವೆ, ಹಿಂದಿನ ಟ್ಯಾಂಕಿನದು ಪೈಲಟ್ಟಿನ ಎಡಭುಜದ ಹಿಂದಿದೆ. ಬಾಲ ಹಿಡಿದವನನ್ನು ಬಿಟ್ಟು ನೆಲ ನೋಡುವ ಧೈರ್ಯ ಯಾರಿಗಿದೆ? ಆದ್ದರಿಂದ ಥ್ರಾಟಲನ್ನು ಪೂರ್ತಿ ಮುಂದಕ್ಕೆ ತಳ್ಳಿದ ಕೂಡಲೇ ಮೇಜಿನ ಮೇಲಿನ ಗಡಿಯಾರವನ್ನು ಆರು ನಿಮಿಷಕ್ಕೆ ಒತ್ತುತ್ತೇನೆ. ಅದು ಕೂಗಿದಾಗ ಎದುರಿನವನ ರೆಕ್ಕೆಯಿಂದ ಹೊಗೆ ಬರುತ್ತಿದ್ದರೂ ಮೂತಿಯನ್ನು ನೆಲೆಯತ್ತ ತಿರುಗಿಸಿ, ಮೊದಲು ಆರ್‌ಪಿಎಂ ಇಳಿಸುತ್ತೇನೆ.