ಹಳೇ ಜಿಪ್ಸಿ ಕೊಳ್ಳುವ ಮೊದಲು ಅದರ ಅಡಿಗೆ ಮಲಗಿ ನೋಡಿ

ಹಳೇ ಜಿಪ್ಸಿ, ಅಂದರೆ ಮಾರುತಿ ಕಂಪನಿಯ ಜೀಪಿನಂಥ ಗಾಡಿ, ನೋಡಲು ಹೊರಟರೆ ನಾನು ಐದು ಸಾಮಾನು ತಗೊಂಡು ಹೋಗುತ್ತೇನೆ. ಒಂದು ಖಾಲಿ ಗೋಣಿಚೀಲ, ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ, ಒಂದು ಪೆನ್ಸಿಲ್, ಒಂದು ಅಗಲವಾದ ರಟ್ಟು. ಏನಕ್ಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಅದಕ್ಕೂ ಮೊದಲು ನನಗೆ ಆಗಿದ್ದನ್ನು ಹೇಳಬೇಕು.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಫೋರ್ ವೀಲ್ ಗಾಡಿ ಇಲ್ಲದೆ ಮನೆ ಸೇರಲು ಆಗುವುದಿಲ್ಲ. 2008ರಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ 1999ರ ಮಾಡೆಲ್ ಜಿಪ್ಸಿ ತಗೊಂಡೆ. ಮೀಟರ್‌ನಲ್ಲಿ 71,000 ಇತ್ತು. ಇಂಜಿನ್ ಸದ್ದು ಚೆನ್ನಾಗಿತ್ತು. ಅಡಿಗೆ ಬಗ್ಗಿ ನೋಡಿದರೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಖುಷಿಯಿಂದ ದುಡ್ಡು ಕೊಟ್ಟೆ.

ಮುಂದಿನ ಜೂನ್ ಮೊದಲ ವಾರ. ಹಿಂದೆ ಆರು ಮೂಟೆ ಗೊಬ್ಬರ ಹಾಕಿಕೊಂಡು ಹಳ್ಳ ದಾಟಿ ಏರು ಹತ್ತಿಸುತ್ತಿದ್ದೆ. ಟಪ್ ಅಂತ ಸದ್ದಾಯಿತು. ಗಾಡಿ ಬಲಗಡೆಗೆ ಕುಸಿದು ಕೂತಿತು. ಇಳಿದು ನೋಡಿದರೆ ಹಿಂದಿನ ಲೀಫ್ ಪ್ಲೇಟನ್ನು (ಪಟ್ಟಿ ಸ್ಪ್ರಿಂಗ್) ಹಿಡಿದಿರುವ ಶ್ಯಾಕಲ್ ಕೊಂಡಿಯ ಜಾಗದಲ್ಲಿ ಚಾಸಿ, ಅಂದರೆ ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟು, ಹರಿದುಹೋಗಿತ್ತು. ಹರಿದ ಅಂಚನ್ನು ಮುಟ್ಟಿದೆ. ಕಬ್ಬಿಣ ಹಪ್ಪಳದ ಹಾಗೆ ಬೆರಳಲ್ಲೇ ಮುರಿಯಿತು. ಚಾಸಿಯ ಒಳಗಿನಿಂದ ಒಂದು ಬೊಗಸೆ ಒದ್ದೆ ಕೆಂಪು ಮಣ್ಣು ಬಿತ್ತು. ಎಷ್ಟು ವರ್ಷದ ಮಣ್ಣೋ ಏನೋ. ಮೇಲೆ ಮಾತ್ರ ಹೊಸ ಕಪ್ಪು ಬಣ್ಣ ಹಾಗೇ ಇತ್ತು, ಸಿಪ್ಪೆಯ ಹಾಗೆ.

ಅವತ್ತಿನಿಂದ ನಾನು ಬಾನೆಟ್ ಎತ್ತುವುದು ಕೊನೆಗೆ. ಇಂಜಿನ್ ಕೆಟ್ಟರೆ ಬಿಚ್ಚಿ ಬೋರ್ ಮಾಡಿಸಬಹುದು. ಗೇರ್‌ಬಾಕ್ಸ್ ಹೋದರೆ ಇನ್ನೊಂದು ಸಿಗುತ್ತದೆ. ಚಾಸಿ ಕೊಳೆತರೆ, ಕಾಗದ ಸರಿ ಇಲ್ಲದಿದ್ದರೆ, ಆ ಗಾಡಿಯಿಂದ ಏನೂ ಮಾಡಲು ಆಗುವುದಿಲ್ಲ. ಹಾಗಾಗಿ ಮೊದಲು ಅಡಿಭಾಗ, ಆಮೇಲೆ ಕಾಗದ, ಆಮೇಲೆ ಮಿಕ್ಕಿದ್ದು.

ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಮಲಗಿ. ಬಗ್ಗಿ ನೋಡಿದರೆ ಸಾಲದು. ಟಾರ್ಚ್ ಹಾಕಿಕೊಂಡು ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ದಬ್ ಅನ್ನುತ್ತದೆ. ಒಂದೆರಡು ಸಲ ಕೇಳಿದರೆ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಲೀಫ್ ಪ್ಲೇಟಿನ ಎರಡೂ ತುದಿ ಚಾಸಿಗೆ ಸೇರುವ ಜಾಗ, ಹಿಂಚಕ್ರದ ಹಿಂದಿನ ಭಾಗ, ಬಾಡಿ ಕೂತಿರುವ ಬೋಲ್ಟುಗಳ ಸುತ್ತ, ಇಷ್ಟನ್ನು ಎರಡೆರಡು ಸಲ ತಟ್ಟಿ. ಅಡಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಯಾವಾಗ, ಯಾಕೆ ಅಂತ ಕೇಳಿ. ಹಳೇ ಗಾಡಿಯ ಅಡಿ ಧೂಳು, ಗ್ರೀಸ್ ಹಿಡಿದು ಕೊಳಕಾಗಿದ್ದರೆ ನನಗೆ ಸಮಾಧಾನ. ಮುಚ್ಚಿಟ್ಟದ್ದು ಏನೂ ಇಲ್ಲ ಅಂತ ಅರ್ಥ. ಬೆಸುಗೆ ಹಾಕಿದ ಪಟ್ಟಿ ಕಂಡರೆ ಅದರ ಪಕ್ಕದ ಕಬ್ಬಿಣವನ್ನೂ ತಟ್ಟಿ ನೋಡಿ.

ಹೊರಗೆ ಬಂದ ಮೇಲೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿಸಿ. ಮುಂದಿನ ಗಾಜಿನ ಫ್ರೇಮಿನ ಕೆಳ ಅಂಚನ್ನು ಬೆರಳಿನಿಂದ ಒತ್ತಿ. ಮಲೆನಾಡಿನಲ್ಲಿ ಓಡಿದ ಜಿಪ್ಸಿಗೆ ತುಕ್ಕು ಹಿಡಿಯುವುದು ಇಲ್ಲೇ ಜಾಸ್ತಿ. ಇದನ್ನು ಟಿಂಕರಿಂಗ್ ಮಾಡಿಸಬಹುದು, ಖರ್ಚನ್ನು ಬೆಲೆಯಲ್ಲಿ ಕಳೆದುಕೊಳ್ಳಿ.

ಈಗ ಪೆನ್ಸಿಲ್. ಚಾಸಿ ನಂಬರ್ ಕೊರೆದಿರುವ ಜಾಗ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ. ಆರ್‌ಟಿಒದಲ್ಲಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೇ. ಆರ್‌ಸಿಯಲ್ಲಿರುವ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಇಂಜಿನ್ ನಂಬರನ್ನೂ ನೋಡಿ. ಜಿಪ್ಸಿ ಪೆಟ್ರೋಲ್ ಗಾಡಿ. ಯಾರೋ ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿದ್ದು, ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಅಂತಲೇ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.

ಆರ್‌ಸಿಯಲ್ಲಿ ನೋಂದಣಿ ಎಲ್ಲಿಯವರೆಗೆ ಇದೆ ಅನ್ನುವುದನ್ನು ಓದಿ. ಖಾಸಗಿ ಗಾಡಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಗಾಡಿಗೆ ಶುಲ್ಕ ಜಾಸ್ತಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ, ಅದನ್ನು ತೆಗೆಸಿದ ಮೇಲೆ ಮಾತು ಮುಂದುವರಿಸಿ. ಡೆಲ್ಲಿ ಗಾಡಿ ಅಗ್ಗಕ್ಕೆ ಬರುತ್ತದೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದದ್ದೇ ಅದಕ್ಕೆ ಕಾರಣ. ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ತೆರಿಗೆ ಕಟ್ಟಿ, ಕೆಎ ನಂಬರ್ ಮಾಡಿಸುವ ಹೊತ್ತಿಗೆ ಆ ಅಗ್ಗ ಉಳಿಯುತ್ತದಾ ಅಂತ ಮೊದಲೇ ಲೆಕ್ಕ ಹಾಕಿ. ಮಿಲಿಟರಿ ಹರಾಜಿನ ಗಾಡಿಯಾದರೆ ಹರಾಜಿನ ಮೂಲ ಕಾಗದ ಕೈಯಲ್ಲಿ ಹಿಡಿದು ನೋಡದೆ ಮುಂಗಡ ಕೊಡಬೇಡಿ.

ಮೀಟರ್ ಬಗ್ಗೆ ಒಂದು ಮಾತು. ನನ್ನ ಎರಡನೇ ಜಿಪ್ಸಿ ತಗೊಂಡಾಗ 2,40,000 ಕಿಲೋಮೀಟರ್ ಓಡಿತ್ತು. ಪಕ್ಕದ ಎಸ್ಟೇಟಿನದು. ಆಯಿಲ್ ಬದಲಿಸಿದ ಪ್ರತಿ ತಾರೀಕನ್ನೂ ಅಲ್ಲಿ ಲೆಕ್ಕ ಬರೆಯುವ ರೈಟರು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದು ಇವತ್ತಿಗೂ ನಮ್ಮ ಅಂಗಳದಲ್ಲಿದೆ, ದಿನಾ ಓಡುತ್ತದೆ. ಹಳೇ ಗಾಡಿಯ ಮೀಟರ್ ಕೇಬಲ್ ಮೇಲೆ ನಡೆಯುವಂಥದ್ದು. ಕೇಬಲ್ ತುಂಡಾದರೆ ಅಂಕಿ ಅಲ್ಲೇ ನಿಲ್ಲುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಕ್ಲಚ್ ಪೆಡಲಿನ ರಬ್ಬರ್, ಗೇರ್ ಗುಬ್ಬಿ, ಸ್ಟೀರಿಂಗಿನ ಸವೆತ ನೋಡಿ. 70,000 ಓಡಿದ ಗಾಡಿಯ ಪೆಡಲ್ ಕಬ್ಬಿಣ ಕಾಣುವಷ್ಟು ಸವೆಯುತ್ತದಾ?

ಮುಂಚಕ್ರದ ಜೋಡಣೆಗೆ ಸಮಯ ಕೊಡಿ. ಜ್ಯಾಕ್ ಹಾಕಿ ಒಂದು ಮುಂಚಕ್ರ ಎತ್ತಿಸಿ, ಹಿಂಚಕ್ರಕ್ಕೆ ಕಲ್ಲು ಕೊಡಿ. ಚಕ್ರದ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿ. ಆಟ ಇದೆಯಾ? ಜೊತೆಗೆ ಬಂದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಸವೆದದ್ದು ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ಹೊರಳುವ ಕೀಲಿನದು. ಈ ಬೇರಿಂಗ್ ಹೋದ ಜಿಪ್ಸಿ 50, 60ರ ವೇಗದಲ್ಲಿ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ಹಾಗೇ ಚಕ್ರದ ಹಿಂದೆ ಇರುವ ದೊಡ್ಡ ಗುಂಡು ನೋಡಿ. ಅದರ ಮೇಲೆ ತೆಳುವಾಗಿ ಗ್ರೀಸ್ ಇರಬೇಕು. ಆಯಿಲ್ ಸುರಿಯುತ್ತಿದ್ದರೆ, ಟೈರಿನ ಒಳಬದಿ ಒದ್ದೆಯಾಗಿದ್ದರೆ, ಆಕ್ಸಲ್ ಸೀಲ್ ಹೋಗಿದೆ.

ಹಳ್ಳ ದಾಟಿದ ಗಾಡಿಯ ಹೌಸಿಂಗ್ (ಆಕ್ಸಲ್ ಮತ್ತು ಅದರ ಗೇರುಗಳ ಕವಚ) ಒಳಗೆ ನೀರು ಹೋಗುತ್ತದೆ. ಮುಂದಿನದು, ಹಿಂದಿನದು, ಎರಡರ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಸಿ ಬೆರಳು ಹಾಕಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ. ಬೆರಳಿನಲ್ಲಿ ಮಿಣಮಿಣ ಚೂರು ಹೊಳೆದರೆ ಅದರೊಳಗಿನ ಕ್ರೌನ್ ಪಿನಿಯನ್ ಗೇರುಗಳ ಹಲ್ಲು ತಿಂದುಹೋಗುತ್ತಿದೆ.

ಫೋರ್ ವೀಲನ್ನು ಟಾರಿನ ಮೇಲೆ ಪರೀಕ್ಷೆ ಮಾಡಬೇಡಿ, ಮಣ್ಣಿನ ಮೇಲೆ ಮಾಡಿ. ಇಳಿದು ಮುಂಚಕ್ರಗಳ ನಡುವಿನ ಎರಡೂ ಹಬ್ ಕೈಯಿಂದ ತಿರುಗಿಸಿ ಲಾಕ್ ಮಾಡಿ. ಬಹಳ ಕಾಲ ಬಳಸದ ಹಬ್ ತಿರುಗುವುದೇ ಇಲ್ಲ. ಫೋರ್ ಹೈ (ಫೋರ್ ವೀಲಿನ ಸಾಮಾನ್ಯ ವೇಗದ ಗೇರ್) ಹಾಕಿ ಸಡಿಲ ಮಣ್ಣಿನ ಏರು ಹತ್ತಿಸಿ. ಮುಂಚಕ್ರವೂ ಮಣ್ಣು ಕೆರೆಯುತ್ತಿದೆಯಾ ಅಂತ ಹೊರಗೆ ನಿಂತವರು ನೋಡಲಿ. ಆಮೇಲೆ ಫೋರ್ ಲೋ (ನಿಧಾನದ, ಹೆಚ್ಚು ಬಲದ ಗೇರ್) ಹಾಕಿ, ಒಂದನೇ ಗೇರಿನಲ್ಲಿ ಸಣ್ಣ ಇಳಿಜಾರು ಇಳಿಸಿ. ಕಾಲು ಬ್ರೇಕ್ ಮೇಲೆ ಸಿದ್ಧವಾಗಿರಲಿ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಲಿವರ್ ಹಾರಿ ನ್ಯೂಟ್ರಲ್‌ಗೆ ಬಿದ್ದರೆ ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಮುಂಚಕ್ರ ಹಿಂಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ, ಸವೆದಿದೆ. ಇದು ಸಣ್ಣ ದೋಷ ಅಲ್ಲ. ಮಳೆಯಲ್ಲಿ ಇಳಿಜಾರಿನ ನಡುವೆ ಹೀಗಾದರೆ ಇಂಜಿನ್ ಹಿಡಿತವೇ ಇರುವುದಿಲ್ಲ.

ಇನ್ನು ಇಂಜಿನ್. ಜಿಪ್ಸಿ 1985ರ ಕೊನೆಗೆ ಬಂದಾಗ 970 ಸಿಸಿ, ನಾಲ್ಕು ಗೇರ್. 1996ರಲ್ಲಿ 1300 ಸಿಸಿ, ಐದು ಗೇರ್. 2000ದಿಂದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್), 80 ಕುದುರೆ ಶಕ್ತಿ. ನನ್ನನ್ನು ಕೇಳಿದರೆ ಎಂಪಿಎಫ್‌ಐ ತಗೊಳ್ಳಿ, ದೂರ ಓಡಿಸಲು ಅದೇ ವಾಸಿ. ಯಾವುದೇ ಆಗಲಿ, ಬೆಳಿಗ್ಗೆ ಬೇಗ ಹೋಗಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಲು ಓಡಿಸಿಟ್ಟಿದ್ದಾರೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ, ರೇಡಿಯೇಟರ್ ನೀರಿನಲ್ಲಿ ಜಿಡ್ಡು, ಎರಡೂ ಕಂಡರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ.

ಕೊನೆಗೆ ರಟ್ಟು. ಅರ್ಧ ಗಂಟೆ ಓಡಿಸಿ ಬಂದು, ಸಮನಾದ ಜಾಗದಲ್ಲಿ ನಿಲ್ಲಿಸಿ, ಅಡಿಗೆ ರಟ್ಟು ಹಾಸಿ. ಮಾಲೀಕರ ಜೊತೆ ಟೀ ಕುಡಿಯುತ್ತಾ ಅರ್ಧ ಗಂಟೆ ಸುಮ್ನೆ ಕೂತಿರಿ. ಆಮೇಲೆ ರಟ್ಟು ಎಳೆದು ನೋಡಿ. ಮುಂದೆ ಬಿದ್ದ ಕಪ್ಪು ಹನಿ ಇಂಜಿನ್ನಿನದು. ನಡುವೆ ದಪ್ಪಗೆ ಬಿದ್ದದ್ದು, ಮೂಗಿಗೆ ಘಾಟು ಹೊಡೆಯುವಂಥದ್ದು, ಗೇರ್‌ಬಾಕ್ಸಿನದೋ ಟ್ರಾನ್ಸ್‌ಫರ್ ಕೇಸಿನದೋ. ಚಕ್ರದ ಒಳಬದಿ ತೆಳುವಾಗಿ ಬಿದ್ದದ್ದು ಬ್ರೇಕ್ ಆಯಿಲ್ ಆಗಿದ್ದರೆ ಆ ಗಾಡಿಯನ್ನು ಮನೆಯವರೆಗೆ ಓಡಿಸಿಕೊಂಡು ಬರಬೇಡಿ. ಹನಿ ಬಿದ್ದ ಪ್ರತಿ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ರಟ್ಟನ್ನು ಹಾಗೇ ನಿಮ್ಮ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗಿ. ಯಾವ ಸೀಲ್, ಎಷ್ಟು ಖರ್ಚು ಅಂತ ಅವರು ಬರೆದುಕೊಟ್ಟ ಮೇಲೆ ಬೆಲೆಯ ಮಾತಿಗೆ ಕೂತುಕೊಳ್ಳಿ.